ಎಡಗಡೆಯ ಪಕಳೆ

ದಾಂಡೇಲಿಯ ನಮ್ಮ ಅಂಬೇವಾಡಿಯಲ್ಲಿ ಯಾರನ್ನಾದರೂ ಕೇಳಿ ನೋಡಿರಿ. "ವಸಂತಾ ದೇವರ ಹಕ್ಕಿ ಫೋಟೋ ತಗದಾ, ದೇವರು ಸಿಟ್ಟಾಗಿ ರೋಲು ಸುಟ್ಟು ಕರೀ ಮಾಡಿ ಕಳಿಸಿದಾ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಪಕ್ಕದ ಮನೆಯ ಪಾರಕ್ಕನಂತೂ ಇದನ್ನು ಹೇಳುವಾಗ ಕಣ್ಣು ಮುಚ್ಚಿ ಕೈ ಮುಗಿಯುತ್ತಾಳೆ. ರೋಲು ಸುಡುವಾಗ ಎದ್ದ ಹೊಗೆಯ ಬಣ್ಣ ಕೂಡ ಆಕೆಗೆ ಗೊತ್ತು. ಆಕೆ ಅಲ್ಲಿ ಇರಲೇ ಇಲ್ಲ! ಇದ್ದವನು ನಾನು, ಆ ವಸಂತಾ.

ಈ ಕಥೆಯನ್ನು ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ. ಮೊದಲನೆಯದಾಗಿ, ರೋಲು ಸುಟ್ಟಿರಲಿಲ್ಲ. ಎರಡನೆಯದಾಗಿ, ದೇವರು ಸಿಟ್ಟಾದದ್ದಕ್ಕೆ ಯಾವ ಸಾಕ್ಷಿಯೂ ಇಲ್ಲ. ಮೂರನೆಯದನ್ನು ಹೇಳಲು ಸ್ವಲ್ಪ ನಾಚಿಕೆ. ಆ ರೋಲನ್ನು ಹಾಳು ಮಾಡಿದವನು ನಾನು. ಅದೂ ಬುದ್ಧಿ ಓಡಿಸಿ, ತರ್ಕಬದ್ಧವಾಗಿ, ಹಂತ ಹಂತವಾಗಿ ಹಾಳು ಮಾಡಿದೆ. ಜನರ ಕಥೆಯಲ್ಲಿ ನನಗೆ ಸ್ವಲ್ಪ ಮರ್ಯಾದೆಯಾದರೂ ಇದೆ, ದೇವರ ಜತೆ ಜಗಳವಾಡಿದವನು ಅಂತ. ನಿಜದಲ್ಲಿ ಅದೂ ಇಲ್ಲ.

ಧಾರವಾಡದ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಎರಡು ವರ್ಷ ಬಹುಮಾನದ ಢಾಲು ಗೆದ್ದವನು ನಾನು. ಒಂದು ವರ್ಷ "ದೇವರಿದ್ದಾನೆ" ಎಂಬ ಪರವಾಗಿ, ಮರುವರ್ಷ "ದೇವರಿಲ್ಲ" ಎಂಬ ಪರವಾಗಿ. ಎರಡೂ ಸಲ ಅದೇ ನಿರ್ಣಾಯಕರು ತಲೆದೂಗಿದರು. ಮಾತಾಡಿದರೆ ಜಗತ್ತಿನಲ್ಲಿ ಯಾವ ಬಾಗಿಲಾದರೂ ತೆರೆಯುತ್ತದೆ ಎಂದು ಅವತ್ತಿನಿಂದ ನಂಬಿಬಿಟ್ಟೆ. ದೇವರನ್ನು ನಂಬದವನಿಗೂ ಏನಾದರೊಂದು ಬೇಕಲ್ಲ!

ಪದವಿ ಹಿಡಿದು ದಾಂಡೇಲಿಗೆ ಬಂದಾಗ ಅಪ್ಪ ನನ್ನ ಭವಿಷ್ಯವನ್ನು ಆಗಲೇ ತೀರ್ಮಾನಿಸಿದ್ದ. ಅಪ್ಪ ಕಾಗದದ ಕಾರ್ಖಾನೆಯಲ್ಲಿ ಫಿಟರ್. ಅಲ್ಲಿಯ ಟೈಮ್ ಆಫೀಸಿನಲ್ಲಿ ಒಂದು ಗುಮಾಸ್ತನ ಜಾಗ ಖಾಲಿಯಿತ್ತು. ಬಂದವರ ಕಾರ್ಡಿಗೆ ಮುದ್ರೆ ಒತ್ತುವುದು, ಹೋದವರ ಕಾರ್ಡಿಗೆ ಮುದ್ರೆ ಒತ್ತುವುದು. ನಾನು ಊಟದ ತಾಟಿನ ಮುಂದೆ ಕೂತು ನಿಸರ್ಗ ಛಾಯಾಗ್ರಾಹಕನಾಗುತ್ತೇನೆ ಎಂದು ಘೋಷಿಸಿದೆ.

"ಅಂದ್ರ?" ಎಂದ ಅಪ್ಪ.

"ಕಾಡಿನ್ಯಾಗ ಒಬ್ಬನ ತಿರುಗಾಡಿ ಹಕ್ಕಿ, ಪ್ರಾಣಿ ಫೋಟೋ ತಗ್ಯೂದು."

"ಅವು ಕೇಳ್ಯಾವೇನು?"

"ಕೇಳಬೇಕಾಗಿಲ್ಲ ಅಪ್ಪಾ. ಇದು ಕಲೆ."

"ಮದುವಿ ಮನ್ಯಾಗ ಫೋಟೋ ತಗದ್ರ ಊಟಾನರ ಹಾಕ್ತಾರ. ಹಕ್ಕಿ ಏನ್ ಹಾಕ್ತಾವ ಅನ್ನೂದು ಎಲ್ಲಾರಿಗೂ ಗೊತ್ತೈತಿ," ಎಂದು ಅಪ್ಪ ತಾಟು ಮುಂದಕ್ಕೆ ಸರಿಸಿದ. ಅವ್ವ ಸೆರಗು ಬಾಯಿಗೊತ್ತಿ ನಕ್ಕಳು.

ಆದರೆ ನನ್ನ ಕಿಸೆಯಲ್ಲಿ ಒಂದು ಕಾರ್ಡಿತ್ತು. ಹುಬ್ಬಳ್ಳಿಯ ವಾರಪತ್ರಿಕೆಯೊಂದರ ಸಂಪಾದಕರು ಬರೆದದ್ದು. ಮಂಗಟ್ಟೆ ಹಕ್ಕಿ ಮರದ ಪೊಟರೆಯಲ್ಲಿ ಹೆಣ್ಣನ್ನು ಕೂರಿಸಿ, ಪೊಟರೆಯ ಬಾಯಿಗೆ ಗಿಲಾವು ಮೆತ್ತಿ, ಒಂದು ಸೀಳಿನಿಂದ ಉಣಿಸುತ್ತದಲ್ಲ, ಆ ದೃಶ್ಯದ ಒಳ್ಳೆಯ ಫೋಟೋ ಯುಗಾದಿಯೊಳಗೆ ತಂದರೆ ಮುಖಪುಟಕ್ಕೆ ಹಾಕುತ್ತೇವೆ, ಪತ್ರಿಕೆಗೆ ಒಬ್ಬ ಛಾಯಾಗ್ರಾಹಕನೂ ಬೇಕಾಗಿದ್ದಾನೆ, ಅಂತ. ಅಪ್ಪ ಆ ಕಾರ್ಡನ್ನು ಎರಡು ಸಲ ಓದಿ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಆತು. ಯುಗಾದಿ ತನಕ ನಿನ್ನ ಹಕ್ಕಿ. ಮರುದಿನ ಟೈಮ್ ಆಫೀಸು. ಸಾಹೇಬ್ರಿಗೆ ನಾ ಮಾತು ಕೊಟ್ಟೇನಿ. ನನ್ನ ಮಾತು ನಿನ್ನ ಮಾತಿನಂಗ ಅಲ್ಲ, ಒಂದ ಕಡೆ ಇರ್ತದ."

ಯುಗಾದಿಗೆ ಹನ್ನೊಂದು ದಿನ ಉಳಿದಿತ್ತು.

ಕ್ಯಾಮೆರಾ ಕೊಟ್ಟವನು ಹಳಿಯಾಳದ ಇಮಾಮ ಚಾಚಾ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಸಣ್ಣ ಸ್ಟುಡಿಯೋ. ಹಿಂದಿನ ಪರದೆಯ ಮೇಲೆ ತಾಜಮಹಲು, ಮುಂದೆ ಒಂದು ಕಾಲು ಅಲ್ಲಾಡುವ ಕುರ್ಚಿ. ಹಳೆಯ ಮಡಿಸುವ ಕ್ಯಾಮೆರಾವನ್ನು ಕೂಸಿನ ಹಾಗೆ ಎತ್ತಿ ಕೊಟ್ಟು ಒಂದು ತಾಸು ಪಾಠ ಹೇಳಿದ. ನಾನು ಅರ್ಧ ತಾಸು ಅಡ್ಡ ಪ್ರಶ್ನೆ ಹಾಕಿದೆ.

"ಸುನೋ ಬೇಟಾ, ಒಂದ್ ರೋಲಿಗೆ ಬಾರಾ ಫೋಟೋ. ಬಾರಾ ಆದಮೇಲೆ ಕಾಗದ ಪೂರಾ ಸುತ್ತು. ನೆರಳಾಗ ತಗಿ. ಇಲ್ಲಿ ನೋಡು, ಆಖರಿಗೆ ಈ ಅಂಟಿನ ಪಟ್ಟಿ ಇರ್ತದ. ನಾಲಿಗಿಂದ ನೆಕ್ಕು, ರೋಲಿನ ಸುತ್ತ ಅಂಟಸು. ಇದೇ ಅದರ ಬೀಗ. ಬೀಗ ಇಲ್ಲಾಂದ್ರೆ ರೋಲು ಬಿಚ್ಕೋತದ. ಬಿಚ್ಕೊಂಡ್ರೆ ಬೆಳಕು ಹೋಗ್ತದ. ಬೆಳಕು ಹೋದ್ರೆ..."

"ಗೊತ್ತಾತು ಚಾಚಾ, ಇಷ್ಟು ಸಣ್ಣ ವಿಷಯಾ ಮೂರು ಸಲಾ ಹೇಳಬೇಕೇನು?"

"ಸಣ್ಣ ವಿಷಯಾನೇ ಮರೀತಾರೆ," ಎಂದ ಚಾಚಾ.

ನಾನು ಮರೆಯಲಿಲ್ಲ. ಅದನ್ನು ಇಲ್ಲಿ ದಾಖಲಿಸಲು ಇಚ್ಛಿಸುತ್ತೇನೆ. ಮರೆತಿದ್ದರೆ ಕ್ಷಮೆಯಾದರೂ ಇರುತ್ತಿತ್ತು.

ಮೊದಲ ರೋಲನ್ನು ಅಭ್ಯಾಸಕ್ಕೆಂದು ಮುಂಡಗೋಡ ಕಡೆ ಸನವಳ್ಳಿ ಹತ್ತಿರದ ಕೆರೆಗೆ ಒಯ್ದೆ. ಬಕಪಕ್ಷಿಗಳ ಹನ್ನೆರಡು ಫೋಟೋ. ತೊಳೆದು ತೆಗೆದಾಗ ಹನ್ನೆರಡರಲ್ಲೂ ನೀರು ಸ್ಪಷ್ಟವಾಗಿ ಬಂದಿತ್ತು. ಬಕಪಕ್ಷಿ? "ಇದಾ?" ಎಂದು ಚಾಚಾ ಒಂದು ಬಿಳಿ ಚುಕ್ಕೆ ತೋರಿಸಿದ. ನೋಡಿದರೆ ಅದು ಧೂಳು. ಹತ್ತಿರ ಹೋಗದ ಹೊರತು ಈ ಕ್ಯಾಮೆರಾದಲ್ಲಿ ಹಕ್ಕಿ ಬರುವುದಿಲ್ಲ ಎಂದು ತಿಳಿಯಿತು. ಹತ್ತಿರ ಹೋದರೆ ಹಕ್ಕಿ ಇರುವುದಿಲ್ಲ ಎಂಬುದು ಮೊದಲೇ ತಿಳಿದಿತ್ತು. ಯುಗಾದಿಗೆ ಆರು ದಿನ.

ಎರಡನೆಯ ರೋಲು ಹಾಕಿಕೊಂಡು ಜೋಯಿಡಾ ಕಡೆ ಹೊರಟ ಬೆಳಿಗ್ಗೆ ಅವ್ವ ಅಡ್ಡ ಬಂದಳು. "ಬರೀ ಹಕ್ಕಿ ಹಕ್ಕಿ ಅಂತಿ. ಮೊದಲನೇದು ಹಿರಿಯರದು ತಗದು ಹೋಗು, ಒಳ್ಳೇದಾಗ್ತೈತಿ." ಶಕುನಕ್ಕೆ ಒಂದು ಫೋಟೋ ದಂಡ! ವಾದಿಸಿದೆ. ಸೋತೆ. ಅಪ್ಪ ಮದುವೆಯ ಕಾಲದ ಕೋಟು ಹಾಕಿಕೊಂಡು, ಕರೀ ಟೊಪ್ಪಿಗೆ ಇಟ್ಟುಕೊಂಡು ಬಾಗಿಲ ಮುಂದೆ ನಿಂತ. ಫಿರ್ಯಾದು ಕೊಡಲು ಬಂದವನ ಮುಖ. "ಸ್ವಲ್ಪ ನಗು ಅಪ್ಪಾ" ಎಂದರೆ, "ಟೈಮ್ ಆಫೀಸಿಗೆ ಹೋದ ದಿನ ನಗ್ತೇನಿ" ಎಂದ. ಒತ್ತಿದೆ. ಒಂದು ಹೋಯಿತು. ಹನ್ನೊಂದು ಉಳಿದವು.

ಒಬ್ಬನೇ ಹೋದೆ. ಗುಂಪು ಕಟ್ಟಿಕೊಂಡು ಹೋದರೆ ಹಕ್ಕಿ ಹೆದರುತ್ತದೆ ಎಂಬುದು ಒಂದು ಕಾರಣ. ಬರಲು ಯಾರೂ ಸಿದ್ಧರಿರಲಿಲ್ಲ ಎಂಬುದು ಇನ್ನೊಂದು. ಸೂಪಾ ದಾಟಿ ಜೋಯಿಡಾದಲ್ಲಿ ಬಸ್ಸಿಳಿದು ಎರಡು ತಾಸು ನಡೆದ ಮೇಲೆ ಹತ್ತು ಹನ್ನೆರಡು ಮನೆಗಳ ಒಂದು ಊರು ಸಿಕ್ಕಿತು. ಊರ ಹಿರಿಯನನ್ನು ಎಲ್ಲರೂ ಗಾವಕಾರ ಎನ್ನುತ್ತಿದ್ದರು. ಒಣಗಿದ ಮೈ, ಮೊಣಕಾಲ ಮೇಲಿನ ಪಂಚೆ, ಬಾಯಲ್ಲಿ ಸದಾ ಎಲೆ ಅಡಿಕೆ. ಮನೆಯ ಮಾತು ಕೊಂಕಣಿ. ಕನ್ನಡ ಬೇಕಾದಷ್ಟೇ. ಅವನ ಜಗಲಿಯಲ್ಲಿ ಜಾಗ ಸಿಕ್ಕಿತು, ಗಂಜಿ ಸಿಕ್ಕಿತು, ಮಂಗಟ್ಟೆಯ ಸುದ್ದಿಯೂ ಸಿಕ್ಕಿತು.

"ಹಕ್ಕಿ ಐತಿ. ದೇವರ ರಾನಾದಾಗ ಐತಿ," ಎಂದ. ರಾನ ಎಂದರೆ ಕಾಡು. ಊರ ಹಿಂದೆ ದೇವರಿಗೆ ಬಿಟ್ಟ ಒಂದು ತುಂಡು ದಟ್ಟ ಕಾಡು. "ಅಲ್ಲಿಂದ ಒಂದ್ ಒಣಾ ಎಲಿ ಸೈತ ಹೊರಗ ತರೂದಿಲ್ಲ ಬಾಬಾ. ಹೊರಗಿಂದು ಏನೂ ಅಲ್ಲಿ ಬಿಡೂದೂ ಇಲ್ಲ."

"ಬಹಳ ಛಲೋ ಪದ್ಧತಿ," ಎಂದೆ ನಾನು, ಮನಸ್ಸಿನಲ್ಲಿ ನಗುತ್ತ. ಒಳಗೆ ಹೋಗಲು ಅನುಮತಿ ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನಬಹುದು, ಕೇಳದಿದ್ದರೆ ಇಲ್ಲ ಎನ್ನಲು ಅವಕಾಶವೇ ಇಲ್ಲ. ಇದು ನನ್ನ ತರ್ಕ.

ನಸುಕಿಗೆ ಎದ್ದು ಒಳಗೆ ಹೋದೆ. ಪೊಟರೆಯ ಮರ ಸಿಕ್ಕಿತು. ಅದರ ಎದುರಿನ ಮರವನ್ನು ಹತ್ತಿ ಕವಲಿನಲ್ಲಿ ಕೂತೆ. ಕೂತ ಮೇಲೆ ಗೊತ್ತಾಯಿತು, ಅದು ಚಗಳಿ ಇರುವೆಗಳ ಮರ. ಕೆಂಪಗಿನ ಆ ಇರುವೆಗಳು ಎಲೆ ಹೊಲಿದು ಮನೆ ಕಟ್ಟಿಕೊಂಡಿರುತ್ತವೆ. ಬಾಡಿಗೆಗೆ ಬಂದವರನ್ನು ಸಹಿಸುವುದಿಲ್ಲ. ಅಂಗಿಯ ತೋಳಿನಿಂದ ಒಂದು ದಂಡು, ಪಾಯಜಾಮದ ಕಾಲಿನಿಂದ ಇನ್ನೊಂದು ದಂಡು. ಕೆರೆದುಕೊಂಡರೆ ಟೊಂಗೆ ಅಲ್ಲಾಡುತ್ತದೆ, ಅಲ್ಲಾಡಿದರೆ ಹಕ್ಕಿ ಬರುವುದಿಲ್ಲ, ಬರದಿದ್ದರೆ ಟೈಮ್ ಆಫೀಸು! ಕೆರೆದುಕೊಳ್ಳಲಿಲ್ಲ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಹಕ್ಕಿ ಬಂತು! ರೆಕ್ಕೆಯ ಸದ್ದು ದೂರದಿಂದಲೇ ಕೇಳಿತು. ದೊಡ್ಡ ಕೊಕ್ಕು, ಕೊಕ್ಕಿನ ಮೇಲೊಂದು ಟೊಪ್ಪಿಗೆ, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿನೊಳಗೆ ಕೊಡುವ ಆ ಗಂಭೀರ ಗಂಡ. ಒಳಗಿಂದ ಹೆಣ್ಣಿನ ಕೊಕ್ಕಿನ ತುದಿ. ಒತ್ತಿದೆ. ಸುತ್ತಿದೆ. ಹಿಂದಿನ ಕೆಂಪು ಕಿಂಡಿಯಲ್ಲಿ ನಂಬರು ನೋಡಿದೆ. ನಂಬರು ನೋಡಿದೆನೋ ಇಲ್ಲವೋ ಎಂದು ಮತ್ತೆ ನೋಡಿದೆ. ಹನ್ನೊಂದು ಫೋಟೋ. ಹನ್ನೊಂದೂ ಹತ್ತಿರದಿಂದ. ಧೂಳಲ್ಲ, ಹಕ್ಕಿ!

ಕೆಳಗಿಳಿದು, ದಟ್ಟ ನೆರಳಿನಲ್ಲಿ ಕೂತು, ರೋಲು ಸುತ್ತಿ ಮುಗಿಸಿ ಹೊರಗೆ ತೆಗೆದೆ. ಅಂಟಿನ ಪಟ್ಟಿ ಹುಡುಕಿ ನಾಲಿಗೆ ಹೊರಗೆ ಚಾಚಿದೆ.

"ಏ ಬಾಬಾ!"

ಗಾವಕಾರ. ಅವನ ಹಿಂದೆ ಇನ್ನಿಬ್ಬರು ಹಿರಿಯರು. ನಾಲಿಗೆ ಹೊರಗಿದ್ದಂತೆಯೇ ತಲೆ ಎತ್ತಿದೆ. ಅವನು ನನ್ನ ಬೆನ್ನ ಹಿಂದೆ ಬೆರಳು ಮಾಡಿದ. ನಾನು ಒರಗಿ ಕೂತಿದ್ದ ಕಲ್ಲಿಗೆ ಕುಂಕುಮ ಹಚ್ಚಿತ್ತು!

"ದೇವರ ಮುಂದ ಎಂಜಲ ಮಾಡಬ್ಯಾಡ."

ನಾಲಿಗೆ ಒಳಗೆ ಎಳೆದುಕೊಂಡೆ. ರೋಲನ್ನು ಎಡಗೈಯಲ್ಲಿ ಬಿಗಿಯಾಗಿ ಮುಷ್ಟಿ ಹಿಡಿದೆ. ಸಡಿಲಿಸಿದರೆ ಬಿಚ್ಚಿಕೊಳ್ಳುತ್ತದೆ. ಮುಂದಿನ ಒಂದು ತಾಸು ನನ್ನ ಬಾಳೆಲ್ಲ ಆ ಮುಷ್ಟಿಯಲ್ಲೇ ಇತ್ತು.

"ಏನ್ ತಗೊಂಡೀ?" ಎಂದ ಗಾವಕಾರ.

ಇದು ನನ್ನ ಅಖಾಡ. ಗಂಟಲು ಸರಿಪಡಿಸಿಕೊಂಡೆ. "ನೋಡ್ರಿ ಗಾವಕಾರ್ರ, ನಾ ಏನೂ ತಗೊಂಡಿಲ್ಲ. ಹಕ್ಕಿ ಅಲ್ಲೇ ಐತಿ, ಮರ ಅಲ್ಲೇ ಐತಿ. ಬೇಕಾದ್ರ ಎಲಿ ಎಣಸಿ ನೋಡ್ರಿ."

"ಹಂಗಾರ ಮುಠ್ಠಿ ಬಿಚ್ಚು."

"ಬಿಚ್ಚಿದ್ರ ಹಾಳಾಗ್ತೈತಿ!"

"ಏನ್ ಹಾಳಾಗ್ತೈತಿ?"

"ಒಳಗಿದ್ದದ್ದು."

"ಹಂಗಾರ ಒಳಗ ಏನೋ ಐತಿ," ಎಂದ ಗಾವಕಾರ. ಹಿಂದಿನ ಇಬ್ಬರೂ ತಲೆದೂಗಿದರು. ಧಾರವಾಡದಲ್ಲಾಗಿದ್ದರೆ ಅಲ್ಲಿಗೇ ಗಂಟೆ ಬಾರಿಸಿ ಢಾಲನ್ನು ಅವನ ಕೈಗೆ ಕೊಡುತ್ತಿದ್ದರು.

ನಾನು ಸುಲಭವಾಗಿ ಬಿಡುವವನಲ್ಲ. "ಒಳಗಿರೂದು ಬರೇ ಬೆಳಕು. ಸೂರ್ಯನ ಬೆಳಕು. ಸೂರ್ಯ ನಿಮ್ಮ ದೇವರ ಆಸ್ತಿ ಏನು?"

ಗಾವಕಾರ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ. "ಸೂರ್ಯಾಂದು ಹೌದು. ಆದ್ರ ಹಕ್ಕಿ ಮೈ ಮುಟ್ಟಿ ಬಂದದ್ದು."

ಇದಕ್ಕೆ ಉತ್ತರ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿರಿ.

"ಒಯ್ಯಬ್ಯಾಡ ಅಂತ ನಾ ಹೇಳೂದಿಲ್ಲ," ಎಂದ ಅವನು. "ದೇವಾಕ್ ವಿಚಾರೂಂಕ್ ಜಾಯ್. ದೇವರನ್ನ ಕೇಳೂಣು. ಹೂಂ ಅಂದ್ರ ಒಯ್ಯಿ."

ಕೇಳುವ ರೀತಿ ಹೀಗೆ. ಕಲ್ಲಿಗೆ ನೀರು ಹಾಕಿ, ಹಸಿ ಹೂವಿನ ಪಕಳೆಗಳನ್ನು ಬಲಕ್ಕೊಂದು ಎಡಕ್ಕೊಂದು ಅಂಟಿಸುವುದು. ಪ್ರಶ್ನೆ ಹೇಳಿ ಕಾಯುವುದು. ಬಲಗಡೆಯ ಪಕಳೆ ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ನನ್ನ ಮುಖಪುಟ, ನನ್ನ ಕೆಲಸ, ಅಪ್ಪನ ಮುಂದೆ ನನ್ನ ಮಾನ, ಎಲ್ಲ ಒಂದು ಹೂವಿನ ಪಕಳೆಗೆ ಅಂಟಿಕೊಂಡವು. ಅದೂ ಒದ್ದೆ ಪಕಳೆ!

ಗಾವಕಾರ ಅಂಟಿಸಿದ. ಮೂವರೂ ಕಣ್ಣು ಮುಚ್ಚಿ, ತಲೆ ಬಾಗಿಸಿ, ದೇವರಿಗೆ ನನ್ನ ಸಂಗತಿಯನ್ನೆಲ್ಲ ಉದ್ದಕ್ಕೆ ಒಪ್ಪಿಸತೊಡಗಿದರು. ನನ್ನ ಹೆಸರು, ಊರು, ಮುಷ್ಟಿಯ ರೋಲು ಎಲ್ಲವೂ ಅದರಲ್ಲಿ ಬಂತು. ಅವರು ಮುಗಿಸುವ ಮೊದಲೇ ಎಡಗಡೆಯದು ಟಪ್ಪನೆ ಬಿತ್ತು.

"ಆಕ್ಷೇಪಣೆ ಅದ!" ಎಂದೆ. "ಕಲ್ಲು ಎಡಕ್ಕ ಇಳಿಜಾರದ. ಪಕಳಿ ದೊಡ್ಡದಿತ್ತು. ಅದಲಿ ಬದಲಿ ಮಾಡ್ರಿ."

ನನ್ನ ಮೇಲ್ಮನವಿಯನ್ನು ಗಾವಕಾರ ತಾಳ್ಮೆಯಿಂದ ಸ್ವೀಕರಿಸಿದ. ಸಣ್ಣ ಪಕಳೆಯನ್ನೇ ಎಡಕ್ಕೆ ಹಚ್ಚಿದ. ಮತ್ತೆ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ನಾನು ವೈಜ್ಞಾನಿಕವಾಗಿ ನೋಡುತ್ತಿದ್ದೆ. ಎಡಗಡೆಯ ಪಕಳೆ ಸ್ವಲ್ಪ ಜಾರಿತು, ನಿಂತಿತು, ನನ್ನ ಜೀವ ತಿಂದಿತು, ಆಮೇಲೆ ಬಿತ್ತು.

"ಮೂರನೇ ಸಲ ಆಖರಿ," ಎಂದ ಗಾವಕಾರ. "ನಮ್ಮ ಕೈ ಮ್ಯಾಲೆ ಸಂಶಯ ಇದ್ರ ಈ ಸಲ ನೀನ ಹಚ್ಚು." ಹೂವನ್ನು ನನ್ನ ಬಲಗೈಗೆ ಕೊಟ್ಟು, ಮೂವರೂ ಕಣ್ಣು ಮುಚ್ಚಿ ಶುರು ಮಾಡಿದರು.

ಮಾನ್ಯ ಓದುಗರೇ, ಇಲ್ಲಿ ನನ್ನ ತರ್ಕವನ್ನು ಪೂರ್ತಿಯಾಗಿ ಮಂಡಿಸಲು ಅವಕಾಶ ಕೊಡಿರಿ. ದೇವರಿಲ್ಲ ಎಂಬುದು ನನ್ನ ನಿಲುವು. ಇಲ್ಲದವನಿಗೆ ಮೋಸ ಮಾಡಲು ಸಾಧ್ಯವಿಲ್ಲ. ಸಾಧ್ಯವಿಲ್ಲದ್ದನ್ನು ಮಾಡಿದರೆ ತಪ್ಪಾಗುವುದಿಲ್ಲ. ವಾದ ಎಲ್ಲಿಯೂ ಸೋರುತ್ತಿರಲಿಲ್ಲ.

ಮುಷ್ಟಿಯಿಂದ ಇಣುಕುತ್ತಿದ್ದ ಅಂಟಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದೆ. ನೆಕ್ಕಿದೆ. ಹೌದು, ದೇವರ ಮುಂದೆಯೇ. ಎಡಗಡೆಯ ಪಕಳೆಯ ತೊಟ್ಟಿನ ಮೇಲೆ ಅದನ್ನು ಅಡ್ಡಲಾಗಿ ಮೆತ್ತಿ, ಕಾಣದಂತೆ ಕುಂಕುಮ ತಿಕ್ಕಿ, ಬೆರಳಿನಿಂದ ಒತ್ತಿ ಹಿಡಿದೆ. ಬಲಗಡೆಯದನ್ನು ಮುಟ್ಟಿದೆನೋ ಇಲ್ಲವೋ ಎಂಬಷ್ಟು ಹಗುರವಾಗಿ ಇಟ್ಟೆ. ಕೈ ಕಟ್ಟಿಕೊಂಡು ಸಭ್ಯನಾಗಿ ನಿಂತೆ.

ಬಲಗಡೆಯದು ಬೀಳಲಿಲ್ಲ!

ಮೂವರೂ ಒಪ್ಪಿಸುವುದನ್ನು ಮುಗಿಸಿ ಕಣ್ಣು ತೆರೆದರು. ಬೀಳಲಿಲ್ಲ. ಅಂಟಿಲ್ಲ, ಆಧಾರವಿಲ್ಲ, ಆದರೂ ಕಲ್ಲಿನ ಮೈಯಲ್ಲೇ ಹುಟ್ಟಿದ ಹಾಗೆ ಕೂತಿತ್ತು. ಇತ್ತ ಎಡಗಡೆಯ ಪಟ್ಟಿಯ ಒಂದು ಮೂಲೆ ಒದ್ದೆ ಕಲ್ಲಿನಿಂದ ಮೆಲ್ಲಗೆ ಮೇಲೇಳತೊಡಗಿತು. ಗಾವಕಾರ ಕಲ್ಲನ್ನೇ ನೋಡುತ್ತಿದ್ದ. ಅಂಗಿಯೊಳಗೆ ಉಳಿದಿದ್ದ ಒಂದು ಚಗಳಿ ಬೆನ್ನಿನ ನಡುವೆ ಕಚ್ಚಿತು. ನಾನು ಅಲ್ಲಾಡಲಿಲ್ಲ. ಮುಷ್ಟಿ ಜುಮುಗುಟ್ಟುತ್ತಿತ್ತು. ಆಗ ನಾನೊಂದು ಕೆಲಸ ಮಾಡಿದೆ. ಇದನ್ನು ಧಾರವಾಡದ ಗೆಳೆಯರಿಗೆ ಯಾರೂ ಹೇಳಬಾರದು. ಪ್ರಾರ್ಥಿಸಿದೆ. ಯಾರಿಗೆ ಮೋಸ ಮಾಡುತ್ತಿದ್ದೆನೋ ಅವನಿಗೇ! "ದೇವರೇ, ಇದೊಂದು ಸಲ, ಬಲಗಡೇದು ಕೆಡವು" ಎಂದೆ, ಎಂಜಲು ನಾಲಿಗೆಯಿಂದಲೇ.

ಬಿತ್ತು. ಬಲಗಡೆಯದೇ ಬಿತ್ತು.

ಗಾಳಿ ಬೀಸಿತ್ತು. ನಾನು ಸ್ಪಷ್ಟವಾಗಿ ಹೇಳುತ್ತೇನೆ, ಗಾಳಿ ಬೀಸಿತ್ತು.

"ಪ್ರಸಾದ ಜಾಲೊ," ಎಂದರು ಹಿಂದಿನ ಇಬ್ಬರು. ಆಯಿತು, ದೇವರು ಒಪ್ಪಿದ ಎಂದರ್ಥ. ಗಾವಕಾರ ಕಲ್ಲಿನ ಹತ್ತಿರ ಬಗ್ಗಿದ. ಎಡಗಡೆಯ ಪಕಳೆಯನ್ನು ಸ್ವಲ್ಪ ಹೊತ್ತು ನೋಡಿದ. "ಗಟ್ಟಿ ಕೂತೈತಿ," ಎಂದ. ಆಮೇಲೆ ಅವನೂ "ಆತು, ಒಯ್ಯಿ" ಎಂದು ಪ್ರಸಾದದ ಹೂ ಕೊಟ್ಟ. ಬಾಳೆಯ ನಾರಿನಲ್ಲಿ ಕಟ್ಟಿದ ನಾಲ್ಕು ಹೂ.

ಗೆದ್ದೆ! ಧಾರವಾಡದಲ್ಲಿ ಗೆದ್ದೆ, ಜೋಯಿಡಾದಲ್ಲಿ ಗೆದ್ದೆ. ಊರ ಗಡಿ ದಾಟಿದ ಮೇಲೆ ರೋಲಿಗೆ ಬೀಗ ಹಾಕುವ ನೆನಪಾಗಿ ಪಟ್ಟಿ ಹುಡುಕಿದೆ. ಬೀಗವನ್ನು ನಾನು ದೇವರ ಮನೆಯ ಬಾಗಿಲಿಗೇ ಹಾಕಿ ಬಂದಿದ್ದೆ. ತಿರುಗಿ ಹೋಗಿ "ಗಾವಕಾರ್ರ, ಸ್ವಲ್ಪ ಆ ಪಕಳಿ ಎತ್ತಿ ನೋಡ್ತೇನಿ" ಎನ್ನಲಾದೀತೇ?

ಬುದ್ಧಿವಂತನಿಗೆ ಉಪಾಯ ಒಂದೇ ಇರುವುದಿಲ್ಲ. ಪ್ರಸಾದದ ಬಾಳೆಯ ನಾರು ಬಿಚ್ಚಿ ರೋಲಿಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದೆ. ಹಸಿ ನಾರು, ಬಿಗಿಯಾಗಿ ಕೂತಿತು. ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಇಳಿಸಿದೆ. ಜೋಯಿಡಾದಲ್ಲಿ ಬಸ್ಸು ತಪ್ಪಿತು. ಕಾರ್ಖಾನೆಗೆ ಹೊರಟ ಬಿದಿರಿನ ಲಾರಿ ಸಿಕ್ಕಿತು. ಬಿದಿರಿನ ರಾಶಿಯ ಮೇಲೆ, ಸುಡುಬಿಸಿಲಿನಲ್ಲಿ, ಪ್ರತಿ ತಗ್ಗಿಗೂ ಕಿಸೆ ಮುಟ್ಟಿಕೊಳ್ಳುತ್ತ ಬಂದೆ. ಹಸಿ ನಾರು ಒಣಗಿದರೆ ಏನಾಗುತ್ತದೆ ಎಂಬ ವಿಷಯದ ಮೇಲೆ ನಮ್ಮ ಕಾಲೇಜಿನಲ್ಲಿ ಎಂದೂ ಚರ್ಚಾಸ್ಪರ್ಧೆ ಇಟ್ಟಿರಲಿಲ್ಲ.

ಸೂಪಾ ದಾಟಿದ ಮೇಲೆ ಅರಣ್ಯದವರ ನಾಕಾ. ಕಾವಲುಗಾರ ಲಾರಿಯ ಸುತ್ತ ಬಂದು, ಮೇಲೆ ಕೂತ ನನ್ನನ್ನು ನೋಡಿ, "ಇಳೀರಿ. ಕಿಸೇದಾಗ ಉಬ್ಬೇತಲ್ಲ, ಏನದು? ಕಾಡಿಂದ ಏನರ ಒಯ್ಯಾಕತ್ತೀರೇನು?" ಎಂದ.

"ಏನೂ ಒಯ್ಯಾಕತ್ತಿಲ್ಲ," ಎಂದೆ. ಅವತ್ತು ಆ ಮಾತನ್ನು ಎರಡನೆಯ ಸಲ ಹೇಳಿದ್ದು.

ಕರವಸ್ತ್ರವನ್ನು ಹೊರಗೆ ತೆಗೆದೆ. ತೆಗೆಯುವಾಗಲೇ ಒಣಗಿ ಸಡಿಲಾದ ಗಂಟೊಂದು ಕೈಗೆ ಜಾರಿತು. ನಾರು! ಹೌಹಾರಿ ಕರವಸ್ತ್ರ ಬಿಚ್ಚಿದೆ. ಬಿಚ್ಚಬಾರದಿತ್ತು. ದೀಪಾವಳಿಯ ಹಾವಿನ ಮಾತ್ರೆಗೆ ಬೆಂಕಿ ಹಚ್ಚಿದ ಹಾಗೆ ನನ್ನ ರೋಲು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಮೊಣಕಾಲ ತನಕ ಇಳಿಯಿತು. ಮೇಲೆ ನಡುಮಧ್ಯಾಹ್ನದ ಸೂರ್ಯ, ಹಕ್ಕಿ ಮೈ ಮುಟ್ಟದೆ ನೇರವಾಗಿ ಬಂದವನು!

ಕಾವಲುಗಾರ ಬಗ್ಗಿ ನೋಡಿದ. "ರಿಬ್ಬನ್ನೇನ್ರೀ? ಮನ್ಯಾಗ ತಂಗಿ ಅದಾಳೇನು? ಹೋಗ್ರಿ ಹೋಗ್ರಿ."

ಕೈಗೆ ಸಿಕ್ಕಂತೆ ಸುತ್ತಿ, ಅಂಗಿಯೊಳಗೆ ತುರುಕಿ, ದಾಂಡೇಲಿಯಲ್ಲಿ ಮನೆಗೂ ಹೋಗದೆ ನೇರ ಹಳಿಯಾಳದ ಬಸ್ಸು ಹಿಡಿದೆ. ಮನುಷ್ಯನಿಗೆ ಆಸೆ ಬಹಳ ಕೆಟ್ಟದ್ದು. ಪೂರ್ತಿ ಬಿಚ್ಚಿರಲಿಲ್ಲವಲ್ಲ, ಒಳಗಿನ ನಾಲ್ಕಾದರೂ ಉಳಿದಿರಬಹುದಲ್ಲ, ನಾಲ್ಕು ಬೇಡ, ಮುಖಪುಟಕ್ಕೆ ಒಂದು ಸಾಕಲ್ಲ!

ಇಮಾಮ ಚಾಚಾ ಕತ್ತಲ ಕೋಣೆಯೊಳಗೆ ಹೋದ. ನಾನು ತಾಜಮಹಲಿನ ಮುಂದೆ, ಕಾಲು ಅಲ್ಲಾಡುವ ಕುರ್ಚಿಯ ಮೇಲೆ ಕೂತು ಕಾದೆ. ಚಾಚಾ ನೀರು ತೊಟ್ಟಿಕ್ಕುವ ಫಿಲ್ಮು ಹಿಡಿದು ಹೊರಗೆ ಬಂದ. ಉದ್ದಕ್ಕೂ ಕಾಡಿಗೆ ಬಳಿದಂತೆ ಕಪ್ಪು.

"ಗ್ಯಾರಾ ಖತಮ್, ಹನ್ನೊಂದೂ ಹೋದ್ವು," ಎಂದ. "ಬೀಗ ಎಲ್ಲಿ ಬೇಟಾ?"

"ಇತ್ತು ಚಾಚಾ."

"ಇತ್ತು ಗೊತ್ತು. ಎಲ್ಲಿ?"

ನಾನು ಬಗ್ಗಿ ಕುರ್ಚಿಯ ಅಲ್ಲಾಡುವ ಕಾಲನ್ನು ನೋಡತೊಡಗಿದೆ.

"ಒಂದು ಉಳದೈತಿ," ಎಂದ ಚಾಚಾ, ತುದಿಯನ್ನು ಬೆಳಕಿಗೆ ಹಿಡಿದು. ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ತಾಜಮಹಲು ತೂಗಾಡಿತು. "ಮೊದಲನೇದು. ಅದು ರೋಲಿನ ಹೊಟ್ಯಾಗ ಎಲ್ಲಾಕಿಂತ ಒಳಗ ಇರ್ತದ. ಸೂರ್ಯ ಅಲ್ಲಿ ತನಕ ಹೋಗಿಲ್ಲ. ಬಹುತ್ ಅಚ್ಛಾ ಬಂದದ. ಕೋಟು, ಟೊಪ್ಪಿಗಿ, ಎಲ್ಲಾ ಸಾಫ್. ಯಾರಿದು, ಫೌಜದಾರ?"

ಅಪ್ಪ!

ಆ ಫೋಟೋ ಈಗ ಚೌಕಟ್ಟು ಹಾಕಿಸಿಕೊಂಡು ನಮ್ಮ ಮನೆಯ ಗೋಡೆಯ ಮೇಲೆ, ನನ್ನ ಎರಡು ಢಾಲುಗಳ ನಡುವೆ ತೂಗುತ್ತಿದೆ. ಬಂದವರಿಗೆಲ್ಲ ಅಪ್ಪ ತೋರಿಸುತ್ತಾನೆ. "ನಮ್ಮ ವಸಂತಾ ತಗದದ್ದು. ಕೈ ಛಲೋ ಐತಿ ಅವಂದು. ಹಕ್ಕಿ ಮಾತ್ರ ಬರೂದಿಲ್ಲ." ಅವ್ವನಿಗೆ ತನ್ನ ಶಕುನದ ಮೇಲೆ ಇನ್ನೂ ನಂಬಿಕೆ ಹೆಚ್ಚಿತು. ಕಪ್ಪು ಫಿಲ್ಮನ್ನು ನೋಡಿದ ಪಾರಕ್ಕ ದೇವರ ಸಿಟ್ಟಿನ ಕಥೆಯನ್ನು ಅವತ್ತು ಸಂಜೆಯೇ ಹೊಲಿದು ಮುಗಿಸಿದಳು. ಮೂರನೆಯ ರೋಲಿಗೆ ದುಡ್ಡೂ ಇರಲಿಲ್ಲ, ಆ ಕಾಡಿಗೆ ತಿರುಗಿ ಹೋಗುವ ಮುಖವೂ ಇರಲಿಲ್ಲ. ಹುಬ್ಬಳ್ಳಿಯ ಸಂಪಾದಕರು ಯುಗಾದಿ ಸಂಚಿಕೆಯ ಮುಖಪುಟಕ್ಕೆ ಮಾವಿನ ತೋರಣದ ಚಿತ್ರ ಹಾಕಿದರು. ಯುಗಾದಿಯ ಮರುದಿನ ನಾನು ಟೈಮ್ ಆಫೀಸಿಗೆ ಹೋದೆ. ಅಪ್ಪ ಮಾತು ಕೊಟ್ಟಿದ್ದಂತೆ ನಕ್ಕ.

ನನ್ನ ವಾದ ಮಾತ್ರ ಗೆದ್ದಿತ್ತು. ಗಾವಕಾರನ ಮುಂದೆ ಎದೆ ತಟ್ಟಿ ಹೇಳಿದ್ದೆನಲ್ಲ, "ನಾ ಏನೂ ತಗೊಂಡಿಲ್ಲ" ಎಂದು. ಅಕ್ಷರಶಃ ನಿಜವಾಯಿತು. ಆ ಕಾಡಿನಿಂದ ನಾನು ತಂದದ್ದು ಬೆನ್ನ ಮೇಲಿನ ದದ್ದುಗಳನ್ನಷ್ಟೇ, ಅವೂ ವಾರದಲ್ಲಿ ಮಾಯವಾದವು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹೋದ ವಾರ, ಮುಂಜಾನೆಯ ಪಾಳಿಯ ಭೋಂಗಾ ಕೂಗಿದ ಮೇಲೆ, ನಾನು ಕಿಟಕಿಯೊಳಗೆ ಕೂತು ಕಾರ್ಡುಗಳಿಗೆ ಮುದ್ರೆ ಒತ್ತುತ್ತಿದ್ದೆ. ಬಿದಿರಿನ ಲಾರಿಯೊಂದು ಗೇಟಿನ ಬಳಿ ನಿಂತಿತು. ಮೇಲಿನಿಂದ ಒಬ್ಬ ಮುದುಕ ಇಳಿದ. ಮೊಣಕಾಲ ಮೇಲಿನ ಪಂಚೆ. ಅವನು ಲಾರಿಯವನಿಗೆ ಏನೋ ಕೇಳಿ, ಸೀದಾ ನನ್ನ ಕಿಟಕಿಗೆ ಬಂದ.

"ದಾಂಡೇಲಿ ಸಂತಿಗೆ ಬಂದಿದ್ದೆ ಬಾಬಾ," ಎಂದ ಗಾವಕಾರ. ಸೊಂಟದಿಂದ ಒಂದು ಎಲೆಯ ಪೊಟ್ಟಣ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. "ನಿಂದು ಒಂದು ವಸ್ತು ಅಲ್ಲೇ ಉಳದಿತ್ತು. ಹೊರಗಿಂದು ನಾವು ಅಲ್ಲಿ ಬಿಡೂದಿಲ್ಲ. ಹೇಳಿದ್ದೆನಲ್ಲ."

ಪೊಟ್ಟಣ ಬಿಚ್ಚಿದೆ. ಒಂದು ಬೆರಳುದ್ದದ ಕಾಗದದ ಪಟ್ಟಿ. ಒಂದು ತುದಿಯಲ್ಲಿ ನನ್ನ ಹಲ್ಲಿನ ಗುರುತು, ಮೇಲೆಲ್ಲ ಒಣಗಿದ ಕುಂಕುಮ. ಅಂಟಿನ ಕಡೆ ಆ ಎಡಗಡೆಯ ಪಕಳೆಯ ತೊಟ್ಟು ಇನ್ನೂ ಹಾಗೇ ಹಿಡಿದುಕೊಂಡಿತ್ತು.

ಕಿಟಕಿಯ ಹೊರಗೆ ಪಾಳಿಯವರ ಸಾಲು ಗಲಾಟೆ ಮಾಡುತ್ತಿತ್ತು. "ಏ ಗುಮಾಸ್ತಾ, ಮುದ್ರಿ ಒತ್ತೋ ಮಾರಾಯಾ, ತಡಾ ಆತು!" ನಾನು ಕಿಟಕಿಯ ಸರಳು ಹಿಡಿದು ಮುಖ ಅದಕ್ಕೆ ಒತ್ತಿದೆ. ಗಾವಕಾರ ಆಗಲೇ ತಿರುಗಿ, ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತ, ಸಂತೆಯ ದಾರಿ ಹಿಡಿದಿದ್ದ.

"ಗಾವಕಾರ್ರ! ನಿಂದರ್ರಿ! ಅವತ್ತ ನೀವು ಈ ಪಟ್ಟಿ ನೋಡಿದ್ರಿ, ಹೌದಿಲ್ಲೋ? ನೋಡಿದ ಮ್ಯಾಲೂ 'ಒಯ್ಯಿ' ಅಂತ ಯಾಕ ಅಂದ್ರಿ?"